ನಮ್ಮ ನೆರೆಯ ನೇಕಾರರು

(ಹೈದರಾಬಾದಿನಲ್ಲಿ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ನಮ್ಮನ್ನು ಕರೆದಾಗ, ವಿಷಯವೇನೆಂದು ಅವರು ಕೇಳಿದರು. “ಜೇಡರ ಹುಳು” ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಲಿ, ಆದರೆ ಕನ್ನಡದ ಮಾತೂ ಎರಡು ಇರಲಿ” ಎಂದರು. ಅವರ ಮಾತಿಗೆ ಮೊದಲು ಗೌರವ ಸಲ್ಲಿಸಿ, ಆಮೇಲೆ ನಮ್ಮ ದಾರಿ ಹಿಡಿಯುತ್ತೇವೆ.

ಜೇಡ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ನೇಕಾರನೆಂದೇ ಅರ್ಥ. ಜೇಡರ ದಾಸಿಮಯ್ಯನೆಂದು ನಾವು ನೆನೆಯುವ ವಚನಕಾರನಿಗೆ ಆ ವಿಶೇಷಣ ಬಂದದ್ದು ಮಗ್ಗದಿಂದ, ಮೂಲೆಯ ಬಲೆಯಿಂದಲ್ಲ. ಆತನ ಊರೆನ್ನುವ ಮುದನೂರು ಈಗಿನ ಯಾದಗಿರಿ ಜಿಲ್ಲೆಯಲ್ಲಿದೆ; 1956ರ ನವೆಂಬರ್ 1ರವರೆಗೆ ಅದು ಹೈದರಾಬಾದು ರಾಜ್ಯದ ನೆಲವೇ ಆಗಿತ್ತು. ನಮ್ಮ ಹಿರಿಯರು ಗೋಡೆಯ ಮೂಲೆಯಲ್ಲಿ ನೂಲು ತೆಗೆಯುವ ಈ ಪ್ರಾಣಿಯನ್ನು ಕಂಡು ‘ಇದು ನೇಕಾರರ ಹುಳು’ ಎಂದರು. ತೆಲುಗರೂ ಹಾಗೆಯೇ ಎಂದರು. ಅವರ ಸಾಲೆಪುರುಗು ಎಂದರೆ ನೇಯುವ ಸಾಲೆಯವರ ಹುಳುವೇ. ಈ ಊರಿನ ಉರ್ದುವಿನಲ್ಲಿ ಅದು ಮಕಡಿ. ಶ್ರೀಕಾಳಹಸ್ತಿಯ ಕಥೆ ಕೇಳಿದವರಿಗೆ ಗೊತ್ತು: ಆ ಹೆಸರಿನ ‘ಶ್ರೀ’ ಎಂದರೆ ಜೇಡ, ‘ಕಾಳ’ ಎಂದರೆ ಹಾವು, ‘ಹಸ್ತಿ’ ಎಂದರೆ ಆನೆ. ಮೂರೂ ಶಿವನನ್ನು ಪೂಜಿಸಿದವಂತೆ. ಆನೆಗಿಂತ ಮೊದಲು ಜೇಡಕ್ಕೆ ಸ್ಥಾನ ಕೊಟ್ಟ ಜನ ನಾವು. ಈಗ ಮಾತ್ರ ಕಂಡಲ್ಲಿ ಕಸಬರಿಗೆ ಎತ್ತುತ್ತೇವೆ.

ನಾವು ಎಂದರೆ ಐದು ಮಂದಿ. ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಇಬ್ಬರು ಉಪಾಧ್ಯಾಯಿನಿಯರು, ಒಬ್ಬ ಕಾಲೇಜು ಹುಡುಗ, ಮತ್ತೆ ಈಗ ತಮ್ಮೆದುರು ನಿಂತಿರುವವರು. ಪ್ರಾಣಿಶಾಸ್ತ್ರವನ್ನು ಓದಿದವರು ನಮ್ಮಲ್ಲಿ ಯಾರೂ ಇಲ್ಲ. ಭಾನುವಾರ ಬೆಳಿಗ್ಗೆ ನಡೆದಾಡಲು ಹೋಗುತ್ತಿದ್ದವರು ನಾವು. ಒಂದು ವರ್ಷ ಮಳೆಗಾಲ ಮುಗಿಯುತ್ತ ಬಂದಿತ್ತು. ಹಿಂದಿನ ರಾತ್ರಿಯ ಮಂಜು ಹುಲ್ಲಿನ ಮೇಲೆ ಇನ್ನೂ ಆರಿರಲಿಲ್ಲ. ದಿನವೂ ನಾವು ತುಳಿದು ಹೋಗುತ್ತಿದ್ದ ಬಯಲಿನಲ್ಲಿ ಕರವಸ್ತ್ರ ಹಾಸಿದಂತೆ ನೂರಾರು ಬಲೆಗಳು ಹೊಳೆಯುತ್ತಿದ್ದವು. ಪ್ರತಿಯೊಂದರ ಅಂಚಿಗೆ ಒಂದು ಆಲಿಕೆಯಂಥ ಬಿಲ, ಬಿಲದ ಬಾಯಲ್ಲಿ ಒಂದು ಜೇಡ. ಹಿಪ್ಪಾಸ ಎಂಬ ಜಾತಿಯವು ಅವು. ಅವು ಹೊಸದಾಗಿ ಬಂದವಲ್ಲ. ದಿನವೂ ಅಲ್ಲಿಯೇ ಇದ್ದವು. ಮಂಜು ಬಿದ್ದದ್ದರಿಂದ ನಮಗೆ ಕಾಣಿಸಿದವು, ಅಷ್ಟೆ. ಇಷ್ಟು ವರ್ಷ ಕಣ್ಣಿದ್ದೂ ನಾವು ನೋಡಿದ್ದಾದರೂ ಏನು ಎಂದು ಆ ದಿನ ನಾಚಿಕೆಯಾಯಿತು. ಆ ನಾಚಿಕೆಯೇ ನಮ್ಮ ಉತ್ಸಾಹದ ಮೊದಲು.

ಅಂದಿನಿಂದ ನಾವು ಬಗ್ಗಿ ನಡೆಯತೊಡಗಿದೆವು. ಒಮ್ಮೆ ಕಾಚಿಗುಡದ ಕಡೆ ಒಂದು ಹಳೆಯ ಮನೆಯ ಕಾಂಪೌಂಡಿನ ಹತ್ತಿರ ಹೀಗೆ ಬಗ್ಗಿದ್ದಾಗ, ಕಲಬುರ್ಗಿಯ ಕಡೆಯ ಅಜ್ಜಿಯೊಬ್ಬರು ಬಾಗಿಲಿಗೆ ಬಂದರು.

“ಏನ್ರೀ ರಾಯರ, ಏನ್ ಹುಡುಕ್ಲಾಕತ್ತೀರಿ? ಏನರ ಕಳಕೊಂಡೀರೇನು?”

“ಇಲ್ಲವ್ವ, ಜೇಡ ನೋಡ್ಲಾಕತ್ತೀವಿ.”

“ಜ್ಯಾಡಾ? ಅದಕ್ಕ ಹೊರಗ್ಯಾಕ ನಿಂತೀರಿ? ಒಳಗ ಬರ್ರಿ, ಬೇಕಾದಷ್ಟವ!”

ಅಜ್ಜಿಯ ಮಾತು ನೂರಕ್ಕೆ ನೂರು ಸತ್ಯ. ಕಾಡಿಗೆ ಹೋಗದಿದ್ದರೂ ನಡೆಯುತ್ತದೆ. ಬಚ್ಚಲ ಮನೆಯ ಮೂಲೆಯಲ್ಲಿ ಕೂದಲಿನಂಥ ಕಾಲುಗಳ ಮೇಲೆ ತೂಗುವ ಜೇಡ, ಬಿಸಿಲು ಬಿದ್ದ ಗೋಡೆಯ ಮೇಲೆ ನೊಣದ ಮೇಲೆ ಹಾರುವ ಜೇಡ, ರಾತ್ರಿ ದೀಪ ಹಾಕಿದಾಗ ಅಂಗೈಯಗಲ ಕಾಲು ಚಾಚಿ ಜಿರಳೆಯನ್ನು ಹಿಡಿದು ನಿಂತಿರುವ ಬೇಟೆಗಾರ ಜೇಡ — ಒಂದೇ ಮನೆಯಲ್ಲಿ ಮೂರು ಮನೆತನ! ಲೋಕದಲ್ಲಿ ಈವರೆಗೆ ಹೆಸರಿಟ್ಟ ಜೇಡಗಳ ಎಣಿಕೆ 2022ರಲ್ಲಿ 50,000ವನ್ನು ಮುಟ್ಟಿತು. ನಮ್ಮ ದೇಶದಲ್ಲಿಯೇ 1,800ಕ್ಕೆ ಮೇಲ್ಪಟ್ಟ ಜಾತಿಗಳಿವೆ. ಬ್ರಿಟಿಷರ ಕಾಲದಲ್ಲಿ ಪೋಕಾಕ್ ಎಂಬವರು 1900ರಲ್ಲಿ ಈ ವಿಷಯವಾಗಿ ಒಂದು ದೊಡ್ಡ ಗ್ರಂಥ ಬರೆದರು. ಸ್ವತಂತ್ರ ಭಾರತದಲ್ಲಿ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಬಿ. ಕೆ. ಟಿಕಾದಾರರು ಬಾಳೆಲ್ಲ ಇದಕ್ಕಾಗಿ ಸವೆಸಿ, 1987ರಲ್ಲಿ ಭಾರತದ ಜೇಡಗಳ ಕೈಪಿಡಿಯನ್ನು ಹೊರತಂದರು.

ಇನ್ನು, ಗುರುತು ಹಿಡಿಯುವುದು ಹೇಗೆ ಎಂದು ತಾವು ಕೇಳಬಹುದು. ಕಾಲು ಎಂಟು, ಆದ್ದರಿಂದ ಇದು ಕೀಟವಲ್ಲ, ಕೀಟಕ್ಕೆ ಆರೇ. ಇಷ್ಟು ಶಾಲೆಯ ಮಕ್ಕಳೂ ಬಲ್ಲರು. ಮುಂದಿನ ಪಾಠ ಕಣ್ಣಿನದು. ಬಹುಪಾಲು ಜೇಡಗಳಿಗೆ ಕಣ್ಣು ಎಂಟು. ಅವು ಕೂತಿರುವ ರೀತಿಯಿಂದ ಮನೆತನ ತಿಳಿಯುತ್ತದೆ. ಮುಂದೆ ಎರಡು ದೊಡ್ಡ ಕಣ್ಣು ಕಾರಿನ ದೀಪದಂತೆ ಇದ್ದರೆ ಅದು ಹಾರುವ ಜೇಡ. ಕೆಳಗೆ ಸಾಲಾಗಿ ನಾಲ್ಕು ಸಣ್ಣವು, ಮೇಲೆ ಎರಡು ದೊಡ್ಡವು, ಹಿಂದೆ ಮತ್ತೆರಡು ಇದ್ದರೆ ತೋಳ ಜೇಡ. ರಾತ್ರಿ ಬಯಲಿಗೆ ಹೋಗಿ, ಟಾರ್ಚನ್ನು ಹಣೆಯ ಮಟ್ಟಕ್ಕೆ ಹಿಡಿದು ನೋಡಿರಿ. ಹುಲ್ಲಿನಲ್ಲಿ ಅಲ್ಲಲ್ಲಿ ಹಸಿರು ಕಿಡಿ ಮಿನುಗುತ್ತದೆ; ಹತ್ತಿರ ಹೋದರೆ ಅದು ತೋಳ ಜೇಡದ ಕಣ್ಣು. ಒಮ್ಮೊಮ್ಮೆ ಒಂದೇ ಕಡೆ ನೂರು ಸಣ್ಣ ಕಿಡಿಗಳು ಕಾಣುವುದುಂಟು. ತಾಯಿ ತನ್ನ ಮರಿಗಳನ್ನೆಲ್ಲ ಬೆನ್ನಿನ ಮೇಲೆ ಹೊತ್ತು ನಿಂತಿರುತ್ತಾಳೆ. ಅದಕ್ಕೂ ಮೊದಲು ಮೊಟ್ಟೆಯ ಗಂಟನ್ನು ಹಿಂದೆ ಕಟ್ಟಿಕೊಂಡು ತಿರುಗಿದವಳೂ ಅವಳೇ.

ಮೂರನೆಯ ಪಾಠ ಬಲೆಯದು. ಚಕ್ರದ ಬಲೆ, ಹಾಳೆಯ ಬಲೆ, ಆಲಿಕೆಯ ಬಲೆ, ಸಿಕ್ಕುಸಿಕ್ಕಾದ ಬಲೆ: ಒಂದೊಂದು ಕುಲಕ್ಕೆ ಒಂದೊಂದು ನೇಯ್ಗೆ, ಇಳಕಲ್ಲಿನ ಸೀರೆಗೂ ಮೊಳಕಾಲ್ಮೂರಿನ ಸೀರೆಗೂ ಇರುವ ವ್ಯತ್ಯಾಸದಂತೆ. ಬಲೆಯನ್ನೇ ಕಟ್ಟದೆ ಬೇಟೆಯಾಡುವವೂ ಬೇಕಾದಷ್ಟು. ಬೇಲಿಯ ಗಿಡಗಳ ನಡುವೆ ಚಕ್ರದ ಬಲೆ ಕಟ್ಟಿ, ನಡುಮಧ್ಯೆ ಬಿಳಿಯ ನೂಲಿನಿಂದ ಗುಣಾಕಾರದ ಗುರುತು ಹಾಕಿ, ಅದರ ಮೇಲೆ ಎರಡೆರಡು ಕಾಲು ಜೋಡಿಸಿ ಕೂಡುವ ಹಳದಿ ಪಟ್ಟೆಯ ಜೇಡವನ್ನು ತಾವೆಲ್ಲರೂ ಕಂಡಿದ್ದೀರಿ. ಅದಕ್ಕೆ ರುಜು ಜೇಡವೆಂದು ಹೆಸರು. ಆ ರುಜು ಏತಕ್ಕೆ? ಹುಳುಗಳನ್ನು ಸೆಳೆಯುವುದಕ್ಕೆ ಎನ್ನುವವರಿದ್ದಾರೆ; ಹಕ್ಕಿಗಳು ಬಲೆಗೆ ನುಗ್ಗಿ ಹರಿಯದಿರಲಿ ಎಂದು ಎನ್ನುವವರಿದ್ದಾರೆ. ಪಂಡಿತರಲ್ಲಿ ವಾದ ಇನ್ನೂ ನಡೆದಿದೆ. ಜೇಡವಂತೂ ರುಜು ಹಾಕುತ್ತಲೇ ಇದೆ.

ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ ಇರುವೆಯ ಸಾಲನ್ನು ನೋಡಿರಿ. ಅವುಗಳ ಹತ್ತಿರ ಒಂದು ಇರುವೆ ಮಾತ್ರ ತುಸು ತಡವರಿಸಿ ನಡೆದರೆ, ಮುಟ್ಟಿದೊಡನೆ ನೂಲು ಬಿಟ್ಟು ಕೆಳಗೆ ಇಳಿದರೆ, ಅದು ಇರುವೆಯಲ್ಲ, ಇರುವೆಯ ವೇಷ ಹಾಕಿದ ಜೇಡ. ಮುಂದಿನ ಎರಡು ಕಾಲುಗಳನ್ನು ಮೇಲೆತ್ತಿ ಮೀಸೆಯಂತೆ ಆಡಿಸುತ್ತದೆ. ನಮ್ಮ ಬಯಲಾಟದವರೂ ಇಷ್ಟು ಅಚ್ಚುಕಟ್ಟಾಗಿ ವೇಷ ಕಟ್ಟಲಾರರು.

ನಮ್ಮ ದಕ್ಖನ್ನಿನ ಮುಳ್ಳುಕಂಟಿಗಳಿಗೆ ಹೇಳಿ ಮಾಡಿಸಿದ ಇನ್ನೊಂದು ಜೇಡವಿದೆ. ಶಾಸ್ತ್ರದಲ್ಲಿ ಸ್ಟೆಗೊಡೈಫಸ್ ಸರಸಿನೋರಮ್. ಜೇಡವೆಂದರೆ ಒಂಟಿ ಪ್ರಾಣಿ, ತನ್ನವರನ್ನೇ ತಿನ್ನುವ ಪ್ರಾಣಿ ಎಂಬ ಅಪವಾದವನ್ನು ಇದು ಸುಳ್ಳು ಮಾಡುತ್ತದೆ. ಒಣಗಿದ ಎಲೆಗಳನ್ನು ಸೇರಿಸಿ ನೇಯ್ದ ಒಂದೇ ಗೂಡಿನಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ಜೇಡಗಳು ಕೂಡಿ ಬಾಳುತ್ತವೆ. ಬಲೆಗೆ ಒಂದು ಮಿಡತೆ ಬಿದ್ದರೆ ನಾಲ್ಕಾರು ಓಡಿ ಬಂದು ಹಿಡಿದು ಎಳೆಯುತ್ತವೆ. ಮರಿಗಳಿಗೆ ತಾಯಿ ಮೊದಲು ತನ್ನ ಹೊಟ್ಟೆಯಿಂದ ತೆಗೆದು ಉಣಿಸುತ್ತಾಳೆ. ಕೊನೆಗೆ ತನ್ನ ಮೈಯನ್ನೇ ಅವಕ್ಕೆ ಆಹಾರವಾಗಿ ಕೊಡುತ್ತಾಳೆ. ಇದನ್ನು ಮೊದಲ ಸಲ ಕೇಳಿದಾಗ ನಮ್ಮ ಉಪಾಧ್ಯಾಯಿನಿಯರಲ್ಲೊಬ್ಬರು ಬಹಳ ಹೊತ್ತು ಮಾತನಾಡಲಿಲ್ಲ. ನಾವು ಮೂರು ವರ್ಷ ನೋಡಿಕೊಂಡು ಬಂದಿದ್ದ ಇಂಥ ಒಂದು ಗೂಡಿನ ಸಾಲು ಊರಂಚಿನ ಕುರುಚಲಿನಲ್ಲಿತ್ತು. ನಾಲ್ಕನೆಯ ವರ್ಷ ಹೋದಾಗ ಅಲ್ಲಿ ಕಂಟಿಯೂ ಇರಲಿಲ್ಲ, ಬಂಡೆಯೂ ಇರಲಿಲ್ಲ, ತಗಡಿನ ಬೇಲಿಯಿತ್ತು. ಊರು ಬೆಳೆಯಬೇಕು, ನಮ್ಮಂಥವರಿಗೇ ಮನೆ ಬೇಕು, ನಿಜ. ಆದರೂ ಆ ದಿನ ಐವರೂ ಮಾತಿಲ್ಲದೆ ಬಸ್ಸು ಹತ್ತಿದೆವು.

ಈಗ ನಮ್ಮ ತಪ್ಪೊಂದನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕು. ಇದನ್ನು ಹೇಳುವುದಕ್ಕಾಗಿಯೇ ಇಂದು ಇಲ್ಲಿ ನಿಂತಿದ್ದೇವೆ ಎಂದರೂ ಸಲ್ಲುತ್ತದೆ. ನಾಲ್ಕು ಪುಸ್ತಕ ನೋಡಿ, ನೂರು ಚಿತ್ರ ತೆಗೆದ ಮೇಲೆ ನಮಗೆ ಸ್ವಲ್ಪ ಹೆಸರು ಬಂದಿತ್ತು. “ಜೇಡದವರು” ಎಂದು ಜನ ಕರೆಯತೊಡಗಿದ್ದರು. ಪರಿಚಯದ ಕುಟುಂಬವೊಂದು ತಮ್ಮ ಹಿತ್ತಿಲಿನ ನೀರಿನ ಮೀಟರಿನ ಗೂಡಿನಲ್ಲಿ ಉರುಟು ಹೊಟ್ಟೆಯ ಒಂದು ಕಂದು ಜೇಡವಿದೆ, ನೋಡಿ ಹೇಳಿರೆಂದು ಕರೆಯಿತು. ಸಿಕ್ಕುಸಿಕ್ಕಾದ ಬಲೆ, ದುಂಡು ಹೊಟ್ಟೆ. ನಾವು ಒಂದು ನಿಮಿಷವೂ ಯೋಚಿಸದೆ, ದೊಡ್ಡ ಪಂಡಿತರ ಧಾಟಿಯಲ್ಲಿ, “ಇದು ವಿಷದ ವಿಧವೆ ಜೇಡ, ಹುಷಾರು” ಎಂದುಬಿಟ್ಟೆವು. ಮರುದಿನ ಅವರು ಔಷಧ ಹೊಡೆಯುವವರನ್ನು ಕರೆಸಿ ಹಿತ್ತಿಲಿಗೆಲ್ಲ ಹೊಡೆಸಿದರು. ಮಲ್ಲಿಗೆಯ ಗಿಡದ ಹಾರುವ ಜೇಡಗಳು, ದಾಸವಾಳದ ಹಸಿರು ಜೇಡ, ಬೇಲಿಯ ರುಜು ಜೇಡ, ಅವುಗಳೊಂದಿಗೆ ಚಿಟ್ಟೆ, ಜೇನು, ಎಲ್ಲವೂ ಸತ್ತವು. ಆ ಮನೆಯ ಆರು ವರ್ಷದ ಮಗು ಹಿತ್ತಿಲಿಗೆ ಕಾಲಿಡುವುದನ್ನೇ ಬಿಟ್ಟಿತು. ಹದಿನೈದು ದಿನದ ಮೇಲೆ ನಾವು ಆ ಚಿತ್ರವನ್ನು ಬಲ್ಲವರೊಬ್ಬರಿಗೆ ತೋರಿಸಿದಾಗ ಅವರು ನಕ್ಕು, “ಇದು ಸಾಮಾನ್ಯ ಮನೆ ಜೇಡ, ಮನೆತನ ಅದೇ, ಜಾತಿ ಬೇರೆ. ಯಾರಿಗೂ ಏನೂ ಮಾಡುವುದಿಲ್ಲ” ಎಂದರು.

ನಾವು ಆ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆವು. ಆ ಮನೆಯೊಡೆಯರು ದೊಡ್ಡವರು. ಕಾಫಿ ಕೊಟ್ಟು ಕಳುಹಿಸಿದರು. ಮಗು ಮಾತ್ರ ಬಾಗಿಲ ಮರೆಯಿಂದಲೇ ನಮ್ಮನ್ನು ನೋಡುತ್ತಿತ್ತು. ಸತ್ತ ಜೇಡಗಳು ಬರಲಿಲ್ಲ. ಹೆಸರು ಹೇಳುವುದು ಆಟವಲ್ಲ, ಹೊಣೆ ಎಂಬುದು ಅಂದು ತಿಳಿಯಿತು. ಎಷ್ಟೋ ಜೇಡಗಳ ಜಾತಿಯನ್ನು ಚಿತ್ರ ನೋಡಿ ನಿರ್ಧರಿಸಲು ಬರುವುದೇ ಇಲ್ಲ. ಗಂಡಿನ ಬಾಯ ಬಳಿಯ ಸಣ್ಣ ಕೈಗಳ ತುದಿಯನ್ನೂ ಹೆಣ್ಣಿನ ಹೊಟ್ಟೆಯ ಕೆಳಗಿನ ಜನನಾಂಗದ ರಚನೆಯನ್ನೂ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. ಆದ್ದರಿಂದ ಈಗ ನಮ್ಮ ಟಿಪ್ಪಣಿ ಪುಸ್ತಕದಲ್ಲಿ ‘ಮನೆತನ ತಿಳಿಯಿತು, ಜಾತಿ ತಿಳಿಯಲಿಲ್ಲ’ ಎಂಬ ಬರಹವೇ ಹೆಚ್ಚು. ಅದನ್ನು ಬರೆಯಲು ಮೊದಲಿನಂತೆ ಸಂಕೋಚವಿಲ್ಲ.

ಜನರ ಮನಸ್ಸಿನಲ್ಲಿರುವ ಇನ್ನೊಂದು ತಪ್ಪು ಗುರುತನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಮೈಮೇಲೆ ಉರಿಯುವ ಗುಳ್ಳೆಗಳೆದ್ದರೆ “ಜೇಡ ಉಚ್ಚೆ ಹೊಯ್ದಿದೆ” ಎನ್ನುವುದು ನಮ್ಮಲ್ಲಿ ವಾಡಿಕೆ. ಜೇಡ ಹಾಗೆ ಮಾಡುವುದಿಲ್ಲ. ಅದು ಅನೇಕ ವೇಳೆ ಸರ್ಪಸುತ್ತು. ಇಲ್ಲವೆ ಮಳೆಗಾಲದಲ್ಲಿ ದೀಪಕ್ಕೆ ಬರುವ ಒಂದು ಸಣ್ಣ ದುಂಬಿ ಮೈಮೇಲೆ ಅರೆದುಹೋಗಿ ಆದ ಗಾಯ. ಸರ್ಪಸುತ್ತಿಗೆ ಮದ್ದು ಬೇಗ ಶುರುವಾದಷ್ಟೂ ಒಳ್ಳೆಯದು. ಜೇಡವನ್ನು ಬೈಯುತ್ತ ಕುಳಿತರೆ ನಷ್ಟ ನಮಗೇ.

ಹೆಸರು ದಾರಿ ತಪ್ಪಿಸುವುದಕ್ಕೆ ದೊಡ್ಡದೊಂದು ನಿದರ್ಶನ ನಮ್ಮ ದಾರಿಯಲ್ಲಿಯೇ ಇದೆ. ಕಾಚಿಗುಡದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುವ ನಾವು ಕರ್ನೂಲು, ಡೋಣ ದಾಟಿ ಗುತ್ತಿಯ ಮೇಲೆ ಸಾಗುತ್ತೇವೆ. 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಗುವವರೆಗೆ ಈ ಗುತ್ತಿ ನಮ್ಮ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಈ ಊರಿನಲ್ಲಿ ರೈಲ್ವೆಯ ಮರದ ದಾಸ್ತಾನಿನಲ್ಲಿ ಒಂದು ಜೇಡ ಸಿಕ್ಕಿತು. ಅಂಗೈಯಷ್ಟು ದೊಡ್ಡದು, ಮೈಯೆಲ್ಲ ನವಿಲಿನ ಕೊರಳಿನ ನೀಲಿ. ಆ ಒಂದೇ ಮಾದರಿಯನ್ನು ನೋಡಿ ಪೋಕಾಕ್ ಅವರು 1899ರಲ್ಲಿ ಅದಕ್ಕೆ ಪೀಸಿಲೋಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟರು. ಲೋಕವೆಲ್ಲ ಅದನ್ನು ಗುತ್ತಿಯ ಜೇಡವೆಂದೇ ಕರೆಯಿತು. ಆಮೇಲೆ ನೂರು ವರ್ಷ ಅದರ ಸುಳಿವಿಲ್ಲ. 2001ರಲ್ಲಿ ಮತ್ತೆ ಕಂಡದ್ದು ಗುತ್ತಿಯಲ್ಲಲ್ಲ, ಅಲ್ಲಿಂದ ಸುಮಾರು 100 ಕಿಲೋಮೀಟರು ದೂರ, ನಂದ್ಯಾಲ ಮತ್ತು ಗಿದ್ದಲೂರುಗಳ ನಡುವಿನ ಕಾಡಿನಲ್ಲಿ, ಹಳೆಯ ಮರಗಳ ಪೊಟರೆಗಳಲ್ಲಿ. ಬಹುಶಃ ಕಾಡಿನಲ್ಲಿ ಕಡಿದ ಮರದೊಡನೆ ಆ ಮೊದಲನೆಯ ಜೇಡ ರೈಲಿನಲ್ಲಿ ಪ್ರಯಾಣ ಮಾಡಿ ಗುತ್ತಿಯಲ್ಲಿ ಇಳಿದಿರಬೇಕೆಂದು ತಿಳಿದವರ ಊಹೆ. ನಮ್ಮ ಹಾಗೆಯೇ ಅದೂ ಇಳಿದ ಊರಿನ ಹೆಸರನ್ನು ಹೊತ್ತುಕೊಂಡಿತು! ಇನ್ನೂ ಒಂದು ಸೋಜಿಗ: ಆ ನೀಲಿ ಬಣ್ಣ ಬಳಿದ ಬಣ್ಣವಲ್ಲ, ರೋಮಗಳ ಅತಿ ಸೂಕ್ಷ್ಮವಾದ ರಚನೆಯಿಂದ ಬೆಳಕು ಮರಳುವಾಗ ಹುಟ್ಟುವ ನೀಲಿ.

ಅದರ ನೆಲೆ 100 ಚದರ ಕಿಲೋಮೀಟರಿಗೂ ಕಡಿಮೆ. 2008ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿದರು. ಕಾರಣ ಎರಡು: ಸೌದೆಗೂ ಮರಮುಟ್ಟಿಗೂ ಕಾಡು ಸವೆಯುತ್ತಿರುವುದು, ಮತ್ತು ಅದರ ಸೌಂದರ್ಯ. ವಿದೇಶಗಳಲ್ಲಿ ಇದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವವರಿದ್ದಾರೆ. 2019ರಲ್ಲಿ ಅದರ ಇಡೀ ಕುಲದ ವ್ಯಾಪಾರವನ್ನು ಅಂತರರಾಷ್ಟ್ರೀಯ ಒಪ್ಪಂದದ ಕಟ್ಟಿಗೆ ತಂದರು. ಆದ್ದರಿಂದ ನಮ್ಮಂಥ ಹವ್ಯಾಸಿಗಳಿಗೆ ಒಂದು ನಿಯಮ: ಅಪರೂಪದ್ದನ್ನು ಕಂಡರೆ ಸಂತೋಷಪಡಿರಿ, ಬಲ್ಲವರಿಗೆ ತಿಳಿಸಿರಿ; ಯಾವ ಮರ, ಯಾವ ಪೊಟರೆ ಎಂದು ಊರಿಗೆಲ್ಲ ಸಾರಬೇಡಿರಿ. ಹಿಡಿದು ತರುವ ಮಾತಂತೂ ಬೇಡವೇ ಬೇಡ.

ಹಾಗಾದರೆ ಹೈದರಾಬಾದಿಗೆ ತನ್ನದೇ ಜೇಡವಿಲ್ಲವೆ? ಇದೆ. 2010ರಲ್ಲಿ ವಿವರಿಸಿದ ಒಂದು ಜೇಡಕ್ಕೆ ಮುರ್ರಿಸಿಯಾ ಹೈದರಾಬಾದೆನ್ಸಿಸ್ ಎಂದು ಈ ಊರಿನ ಹೆಸರನ್ನೇ ಇಟ್ಟಿದ್ದಾರೆ. ಮರದ ತೊಗಟೆಗೆ ಅಂಟಿಕೊಂಡು, ತೊಗಟೆಯ ಬಣ್ಣದಲ್ಲೇ ಕರಗಿ ಕೂಡುವ, ಹಿಂದೆ ಎರಡು ಬಾಲದಂತೆ ನೂಲಿನ ಕೊಳವೆಗಳುಳ್ಳ ಮನೆತನಕ್ಕೆ ಸೇರಿದ್ದು. ಈ ಮನೆತನದವು ಹುಳುವೊಂದು ಹತ್ತಿರ ಬಂದರೆ ಅದರ ಸುತ್ತ ಗಿರ್ರನೆ ಸುತ್ತಿ, ನೂಲಿನಿಂದ ತೊಗಟೆಗೇ ಬಿಗಿದುಬಿಡುತ್ತವೆ. 2025ರ ಮಾರ್ಚ್ ಕೊನೆಯಲ್ಲಿ ವಿಶ್ವವಿದ್ಯಾಲಯದ ಮಗ್ಗುಲಿನ ಕಂಚ ಗಚ್ಚಿಬೌಲಿಯ 400 ಎಕರೆಯಲ್ಲಿ ಮರ ಕಡಿಯಲು ಯಂತ್ರಗಳು ಬಂದದ್ದು, ವಿದ್ಯಾರ್ಥಿಗಳು ಎದ್ದು ನಿಂತದ್ದು, ಏಪ್ರಿಲ್ 3ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆದದ್ದು ತಮಗೆ ನೆನಪಿರಬಹುದು. ಜಿಂಕೆ ನವಿಲುಗಳೊಂದಿಗೆ ಆ ದಿನಗಳ ಚರ್ಚೆಯಲ್ಲಿ ಈ ಜೇಡದ ಹೆಸರೂ ಕೇಳಿಬಂತು. ಹೆಸರು ಸಿಕ್ಕಿದ್ದರಿಂದ ಅದರ ಪರವಾಗಿ ಮಾತನಾಡಲು ಸಾಧ್ಯವಾಯಿತು. ಹೆಸರಿಲ್ಲದ ಎಷ್ಟು ಜೀವಗಳು ಮಾತಿಲ್ಲದೆ ಹೋಗಿರಬೇಡ!

ಹೆಸರಿಡುವ ಈ ಕೆಲಸ ದೊಡ್ಡ ಪದವೀಧರರಿಗೆ ಮಾತ್ರ ಮೀಸಲಲ್ಲ. ನಮ್ಮ ಮಲೆನಾಡಿನ ಕಾನುಗಳಲ್ಲಿ ಸಿಕ್ಕ, ಒಣಗಿದ ಎಲೆಯಂತೆಯೇ ಕಾಣುವ ಒಂದು ಪುಟ್ಟ ಜೇಡಕ್ಕೆ 2016ರಲ್ಲಿ ಮೂವರು ಉತ್ಸಾಹಿಗಳು ಸೇರಿ ಎರಿಯೋವಿಕ್ಸಿಯಾ ಗ್ರಿಫಿಂಡೋರಿ ಎಂದು ಹೆಸರಿಟ್ಟರು. ಮಕ್ಕಳು ಓದುವ ಹ್ಯಾರಿ ಪಾಟರ್ ಕಥೆಯ ಮಾಂತ್ರಿಕ ಟೋಪಿಯ ಆಕಾರ ಅದಕ್ಕಿದೆಯಂತೆ. ಯಾರು ಬಲ್ಲರು, ನಾಳೆ ನಮ್ಮ ಸಂಘದ ಮಗುವೊಂದು ಕಂಡು ತೋರಿಸಿದ ಜೇಡಕ್ಕೆ ದಾಸಿಮಯ್ಯನ ಹೆಸರು ಬಂದರೆ ಅದೂ ಒಂದು ಕನ್ನಡ ಸೇವೆಯಲ್ಲವೆ?

ಕೊನೆಯದಾಗಿ ತಮ್ಮಲ್ಲಿ ಮೂರು ಬೇಡಿಕೆಗಳು. ಒಂದು: ಹಬ್ಬಕ್ಕೆ ಮನೆ ಗುಡಿಸುವಾಗ ಹಳೆಯ, ಬರಿದಾದ ಬಲೆಯನ್ನು ತೆಗೆಯಿರಿ, ಜೇಡವಿದ್ದರೆ ಒಂದು ಲೋಟ ಕವುಚಿ, ಕೆಳಗೆ ಕಾಗದ ಸರಿಸಿ, ಹಿತ್ತಿಲಿಗೆ ಬಿಟ್ಟುಬಿಡಿರಿ. ಎರಡು: ವಿಷ ಹೊಡೆಸುವ ಮೊದಲು ಬಲ್ಲವರೊಬ್ಬರನ್ನು ಕೇಳಿರಿ, ಆ ಬಲ್ಲವರು ನಮ್ಮಂತೆ ಅವಸರ ಮಾಡಿದರೆ ಇನ್ನೊಬ್ಬರನ್ನೂ ಕೇಳಿರಿ. ಮೂರು: ತಿಂಗಳಿಗೊಂದು ಭಾನುವಾರ ಸಂಘದ ಮಕ್ಕಳನ್ನು ನಮ್ಮ ಜೊತೆ ಕಳುಹಿಸಿರಿ. ನವೆಂಬರಿನ ಈ ದಿನಗಳೇ ಬಲೆಗಳು ಎದ್ದು ಕಾಣುವ ಕಾಲ.

ಆ ಹಿತ್ತಿಲಿನ ಮಗು ಈಗ ಒಂಬತ್ತು ವರ್ಷದ್ದಾಗಿದೆ. ಹೋದ ವರ್ಷ ನಾವೇ ಹೋಗಿ ಕೇಳಿಕೊಂಡೆವು. ತಾಯಿಯ ಕೈ ಹಿಡಿದು ಬಂದಿತು. ಮೊದಲ ದಿನ ಹತ್ತು ಹೆಜ್ಜೆ ದೂರವೇ ನಿಂತಿತು. ಮೂರನೆಯ ಭಾನುವಾರ ರುಜು ಜೇಡದ ಬಲೆಯ ಮುಂದೆ ಕೂತು, ಕಾಲುಗಳನ್ನು ಒಂದೊಂದಾಗಿ ಎಣಿಸಿ, ನಮ್ಮ ಕಡೆ ತಿರುಗಿ, “ಇದರ ಹೆಸರು ಖಾತ್ರಿ ಏನು ಮಾಮಾ? ಇಲ್ಲಾ ಮತ್ತ ಅಂದಾಜಿನ್ಯಾಗ ಹೇಳ್ತೀರೇನು?” ಎಂದು ಕೇಳಿತು. ಸಭೆಯಲ್ಲಿ ಅದೂ ಕೂತಿದೆ. ಅದರೆದುರು ಇಂದು ನಾವು ಹೇಳಿದ್ದರಲ್ಲಿ ಅಂದಾಜಿನದು ಆದಷ್ಟು ಕಡಿಮೆ ಇರಲೆಂದು ಎಚ್ಚರ ವಹಿಸಿದ್ದೇವೆ.

 ಸಿರಿಗನ್ನಡಂ ಗೆಲ್ಗೆ.